ಮಗನಿಗೆ ಎಲ್‌ಡಿ (ಕಲಿಕಾ ನ್ಯೂನತೆ) ಇದೆ ಅಂತಾರೆ ಟೀಚರ್, ನನಗೆ ಅವನಿಗೆ ಇಂಗ್ಲಿಷ್ ಬರಲ್ಲ ಅನಿಸುತ್ತೆ. ಹೇಗೆ ಗೊತ್ತು ಮಾಡಿಕೊಳ್ಳುವುದು?

ಶ್ರೀನಿವಾಸಪುರದ ಅಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಮಗ ಮೂರನೇ ಕ್ಲಾಸು, ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಹೋದ ವಾರ ಪೇರೆಂಟ್ಸ್ ಮೀಟಿಂಗಿನಲ್ಲಿ ಅವನ ಕ್ಲಾಸ್ ಟೀಚರ್ "ನಿಮ್ಮ ಹುಡುಗನಿಗೆ ಎಲ್‌ಡಿ ಇರಬೇಕು, ಸರ್ಟಿಫಿಕೇಟ್ ಮಾಡಿಸಿಕೊಂಡು ಬನ್ನಿ, ಇಲ್ಲಾಂದ್ರೆ ಮುಂದಿನ ವರ್ಷ ಟಿಸಿ ತಗೊಳ್ಳಿ" ಅಂದರು. ಎಲ್ಲರ ಎದುರಿಗೇ. ಪಕ್ಕದ ಬೆಂಚಿನವರೆಲ್ಲ ತಿರುಗಿ ನೋಡಿದರು.

ಇಂಗ್ಲಿಷ್ ಪಾಠ ಓದು ಅಂದರೆ ಮೊದಲ ಸಾಲು ಬಾಯಿಪಾಠದಲ್ಲಿ ಹೇಳುತ್ತಾನೆ, ಆಮೇಲೆ ಚಿತ್ರ ನೋಡಿ ಊಹೆ ಮಾಡುತ್ತಾನೆ. ಬಿ ಬರೆಯುವ ಕಡೆ ಡಿ. 'ಸೆಡ್' (said) ಅನ್ನೋ ಪದಕ್ಕೆ ಎಸ್, ಇ, ಡಿ ಅಂತ ಮೂರೇ ಅಕ್ಷರ. ಕನ್ನಡದಲ್ಲಿ ಕಾಗುಣಿತ ತಪ್ಪುತ್ತದೆ, ಒತ್ತಕ್ಷರ ಬಂದರೆ ನುಂಗಿಬಿಡುತ್ತಾನೆ. ಆದರೆ ಅವರಪ್ಪ ಮಾರ್ಕೆಟ್ಟಿಗೆ ಟೊಮೆಟೊ ಹಾಕಿ ಬಂದ ದಿನ, ಹದಿನೈದು ಕೆಜಿ ಬಾಕ್ಸಿಗೆ ಇಷ್ಟು ಅಂದರೆ ನಲವತ್ತು ಬಾಕ್ಸಿಗೆ ಎಷ್ಟು ಅಂತ ಬಾಯಲ್ಲೇ ಹೇಳಿಬಿಡುತ್ತಾನೆ. ಅದೇ ಥರದ ಲೆಕ್ಕ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯವಾಗಿ ಬಂದರೆ ಖಾಲಿ ಬಿಟ್ಟು ಬರುತ್ತಾನೆ.

ಇದು ನಿಜವಾಗಲೂ ಕಲಿಕೆಯ ತೊಂದರೆನಾ? ಇಲ್ಲ, ಅರ್ಥವಾಗದ ಭಾಷೆಯಲ್ಲಿ ಓದಿಸಿದ್ದಕ್ಕೆ ಹೀಗಾಗಿದೆಯಾ? ನಮ್ಮ ಕಡೆ ಯಾರಿಗೆ ತೋರಿಸಬೇಕು? ಟೀಚರ್ ಮನೆಯಲ್ಲಿ ತೆಲುಗು ಬಿಡಿ, ಇಂಗ್ಲಿಷೇ ಮಾತಾಡಿ ಅಂತ ಬೇರೆ ಹೇಳಿದ್ದಾರೆ. ನನಗೇ ಇಂಗ್ಲಿಷ್ ಅಷ್ಟಕ್ಕಷ್ಟೆ, ಅತ್ತೆಗೆ ಕನ್ನಡವೇ ತಡವರಿಸುತ್ತೆ.

ಮುಳಬಾಗಿಲು ಮೇಷ್ಟ್ರು
ಬಾಕ್ಸಿನ ಲೆಕ್ಕ ಬಾಯಲ್ಲಿ ಮಾಡುವ ಹುಡುಗನಿಗೆ ಎಲ್‌ಡಿ ಎಲ್ಲಿಂದ ಬಂತಮ್ಮ. ಭಾಷೆ ಸಮಸ್ಯೆ ಅಷ್ಟೆ. ಚಿಂತೆ ಬಿಡಿ.

ಬಂಗಾರಪೇಟೆ ಪ್ಯಾಸೆಂಜರ್
ಮೊದಲು ಆ ಇಂಗ್ಲಿಷ್ ಮೀಡಿಯಂನಿಂದ ಬಿಡಿಸಿ ಅಕ್ಕ. ತೆಲುಗು ಮಾತಾಡುವ ಮಗುವಿಗೆ ಕನ್ನಡವೇ ಎರಡನೇ ಭಾಷೆ. ಅದರ ಮೇಲೆ ಇಂಗ್ಲಿಷಿನಲ್ಲಿ ಪರಿಸರ ಅಧ್ಯಯನ, ಗಣಿತ ಎಲ್ಲ ತುರುಕಿದರೆ ಯಾರಿಗಾದರೂ ತಲೆ ಕೆಡುತ್ತೆ.

ರೇಷ್ಮೆಗೂಡು
ಮೇಷ್ಟ್ರೇ, ಅಷ್ಟು ಸಲೀಸಾಗಿ 'ಚಿಂತೆ ಬಿಡಿ' ಅನ್ನಬೇಡಿ. ನನಗೂ ಇದೇ ಮಾತು ಹೇಳಿದ್ದರು. ನಾವು ಶಿಡ್ಲಘಟ್ಟ ಕಡೆಯವರು, ಮನೆಯಲ್ಲಿ ಉರ್ದು. ಮಗಳು ಒಂದನೇ ಕ್ಲಾಸಿನಲ್ಲಿ ಓದಲು ಒದ್ದಾಡಿದಾಗ "ಮನೆ ಭಾಷೆ ಬೇರೆ ಅಲ್ವಾ, ನಿಧಾನಕ್ಕೆ ಬರುತ್ತೆ" ಅಂದರು. ಮೂರನೇ ಕ್ಲಾಸಿನಲ್ಲೂ ಅದೇ, ಐದರಲ್ಲೂ ಅದೇ. ಅವಳ ತಮ್ಮ ಅದೇ ಮನೆ, ಅದೇ ಭಾಷೆ, ಅದೇ ಸ್ಕೂಲು, ಅವನು ಸರಾಗವಾಗಿ ಓದುತ್ತಿದ್ದ. ಅದನ್ನು ಎತ್ತಿ ತೋರಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಳನೇ ಕ್ಲಾಸಿನಲ್ಲಿ ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ತೊಂದರೆ, ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಪುಸ್ತಕ ಕಂಡರೆ ಅಳುವ ಹಂತಕ್ಕೆ ಬಂದಿದ್ದಳು.

ಎರಡೂ ಕಡೆ ಮೋಸ ಆಗುತ್ತೆ. ಭಾಷೆ ಬರದ ಮಗುವಿಗೆ ದಡ್ಡ ಅನ್ನೋ ಹಣೆಪಟ್ಟಿ. ನಿಜವಾಗಿ ತೊಂದರೆ ಇರುವ ಮಗುವಿಗೆ 'ಭಾಷೆ ಅಷ್ಟೆ' ಅನ್ನೋ ಸಮಾಧಾನ.

ಮುಳಬಾಗಿಲು ಮೇಷ್ಟ್ರು
ಒಪ್ಪಿದೆ ತಾಯಿ. ಆದರೆ ನಾನು ನೋಡಿರುವುದರಲ್ಲಿ ಮೊದಲನೇ ಥರದ್ದೇ ಜಾಸ್ತಿ.

ತೋಟದ ತಾತ
ನಮ್ಮ ಕಾಲದಲ್ಲಿ ಎಲ್‌ಡಿ ಪಿಎಲ್‌ಡಿ ಏನೂ ಇರಲಿಲ್ಲ. ಎರಡು ಬಿಟ್ಟರೆ ಅಕ್ಷರ ತಾನಾಗೇ ಬರುತ್ತಿತ್ತು. ಈಗ ಎಲ್ಲದಕ್ಕೂ ಒಂದು ಕಾಯಿಲೆ, ಒಂದು ಡಾಕ್ಟರು.

ಗೌರಿಬಿದನೂರು ಗಿರಾಕಿ
ತಾತ, ಬರದೇ ಇದ್ದವರು ನಾಲ್ಕನೇ ಕ್ಲಾಸಿಗೇ ಬಿಟ್ಟು ದನ ಕಾಯಲು ಹೋದರು. ನಿಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಜನ ಎಸ್ಸೆಸ್ಸೆಲ್ಸಿ ತನಕ ಬಂದರು, ಒಂದು ಸಲ ಲೆಕ್ಕ ಹಾಕಿ ಹೇಳಿ ನೋಡೋಣ.

ತೋಟದ ತಾತ
ಅದೂ ನಿಜ ಅನ್ನಿ.

ಬೆತ್ತ ಬೇಡ (ವಿಶೇಷ ಶಿಕ್ಷಕಿ, ಕೋಲಾರ)
ಈ ಕೆಲಸದಲ್ಲೇ ಇರುವವಳು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಮ್ಮ, ಎಲ್ಲಕ್ಕಿಂತ ಮೊದಲು ಕಿವಿ, ಕಣ್ಣು. ನಗುತ್ತೀರೇನೋ, ಆದರೆ ನನ್ನ ಹತ್ತಿರ 'ಎಲ್‌ಡಿ' ಅಂತ ಬಂದ ಮಕ್ಕಳಲ್ಲಿ ಕಿವಿ ಸೋರುವವರು, ಬೋರ್ಡು ಮಸುಕಾಗಿ ಕಾಣುವವರು ಇದ್ದೇ ಇರುತ್ತಾರೆ. ಚಿಕ್ಕಂದಿನಲ್ಲಿ ಪದೇ ಪದೇ ಕಿವಿ ಸೋರಿದ್ದರೆ ಹೊಸ ಭಾಷೆಯ ಸಣ್ಣ ಸಣ್ಣ ಧ್ವನಿ ವ್ಯತ್ಯಾಸ ಸರಿಯಾಗಿ ಕೇಳಿಸಿರುವುದೇ ಇಲ್ಲ. ಮನೆ ಭಾಷೆಯನ್ನು ಅರ್ಧ ಕೇಳಿಸಿದರೂ ಊಹಿಸಿಕೊಂಡುಬಿಡುತ್ತಾರೆ, ಇಂಗ್ಲಿಷನ್ನು ಹಾಗೆ ಊಹಿಸಲು ಆಗಲ್ಲ.

ಎರಡನೆಯದು, ಯಾವ ತಪ್ಪು ಭಾಷೆಯದು, ಯಾವುದು ಅಲ್ಲ. 'ಎಗ್'ಗೆ 'ಯೆಗ್' ಅನ್ನುವುದು, 'ಸ್ಕೂಲ್'ಗೆ 'ಇಸ್ಕೂಲು' ಅನ್ನುವುದು, 'ಎ', 'ದ' ಬಿಟ್ಟುಬಿಡುವುದು, ಇವೆಲ್ಲ ತೆಲುಗು, ಕನ್ನಡ ಮಾತಾಡುವ ಯಾರಾದರೂ ಮಾಡುವ ತಪ್ಪುಗಳು. ನಮ್ಮ ಭಾಷೆಯಲ್ಲಿ 'ಎ', 'ದ' ಥರದ್ದು ಇಲ್ಲವೇ ಇಲ್ಲ, ಮಗು ಎಲ್ಲಿಂದ ತರಬೇಕು? 'ಸೆಡ್'ಗೆ ಎಸ್-ಇ-ಡಿ ಬರೆದಿದ್ದು ನನಗಂತೂ ಖುಷಿಯ ವಿಷಯ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದಿದ್ದಾನೆ. ಧ್ವನಿ ಬಿಡಿಸುವುದು ಬರುತ್ತೆ ಅಂತಾಯಿತು. ಕೇಳಿಸಿದ ಹಾಗೆ ಬರೆಯದೇ ಇರುವುದು ಇಂಗ್ಲಿಷಿನ ತಪ್ಪು, ಅವನದಲ್ಲ. ಬಿ, ಡಿ ತಿರುಗಿಸುವುದನ್ನು ಚಿಕ್ಕ ಮಕ್ಕಳೆಲ್ಲ ಮಾಡುತ್ತಾರೆ, ಅದೊಂದನ್ನೇ ಹಿಡಿದು ಡಿಸ್ಲೆಕ್ಸಿಯಾ ಅನ್ನಬಾರದು. ಎಂಟು ವರ್ಷ ದಾಟಿದ ಮೇಲೂ ಬಿಡದಿದ್ದರೆ ಬರೆದಿಟ್ಟುಕೊಳ್ಳಿ.

ನನಗೆ ಸ್ವಲ್ಪ ಯೋಚನೆ ಆಗಿರುವುದು ಒತ್ತಕ್ಷರದ ವಿಷಯಕ್ಕೆ. ಆದರೆ ಅಲ್ಲೂ ಆತುರ ಬೇಡ. ಇಂಗ್ಲಿಷಿಗೆ 26 ಅಕ್ಷರ. ಕನ್ನಡದಲ್ಲಿ ಕಾಗುಣಿತ ಎಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ ಅಧ್ಯಯನ ಮಾಡಿ 2007ರಲ್ಲಿ ಬರೆದಿದ್ದಾರೆ. ಅಕ್ಷರ ಪೂರ್ತಿ ಕೈಗೆ ಬರಲು ನಾಲ್ಕನೇ ಕ್ಲಾಸು, ಅದರಾಚೆಗೂ ಹಿಡಿಯುತ್ತದೆ ಅನ್ನುವುದು ಅದರ ಸಾರ. ಅದೂ ವಾರಕ್ಕೆ ಕೆಲವೇ ಪೀರಿಯಡ್ ಕನ್ನಡ ಇರುವ ಇಂಗ್ಲಿಷ್ ಮೀಡಿಯಂ ಹುಡುಗ ಮೂರನೇ ಕ್ಲಾಸಿನಲ್ಲಿ ಒತ್ತು ತಪ್ಪಿದರೆ ಆಕಾಶ ಬೀಳಲ್ಲ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ. ಅತ್ತೆಯವರ ಪಕ್ಕ ಕೂರಿಸಿ ತೆಲುಗಿನಲ್ಲಿ ಒಂದು ಕಥೆ ಹೇಳಿಸಿ, ಮಾರನೆಯ ದಿನ ಅದೇ ಕಥೆಯನ್ನು ಅವನ ಬಾಯಲ್ಲಿ ಕೇಳಿ. ಮೊದಲು ಏನಾಯಿತು, ಆಮೇಲೆ ಏನಾಯಿತು, ಯಾಕೆ ಹಾಗಾಯಿತು, ಇದು ಬರುತ್ತಾ? ಪದಕ್ಕೆ ತಡಕಾಡುತ್ತಾನಾ? 'ಅದು... ಅದೇ... ಆ ಥರದ್ದು' ಅಂತ ಸುತ್ತುತ್ತಾನಾ? ಮಾತು ಶುರುವಾಗಿದ್ದು ತಡವಾ? ಬಂದು ಹೇಳಿ.

ಶ್ರೀನಿವಾಸಪುರದ ಅಮ್ಮ
ತುಂಬಾ ಥ್ಯಾಂಕ್ಸ್ ಮೇಡಂ. ಮಾತು ತಡ ಆಗಲಿಲ್ಲ, ಸುಮ್ಮನಿರಿಸುವುದೇ ಕಷ್ಟ. ಕಿವಿ ಮಾತ್ರ ಮೂರು ವರ್ಷದವನಿದ್ದಾಗ ಸೋರುತ್ತಿತ್ತು, ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದರು. ಈಗಲೂ ನೆಗಡಿ ಆದರೆ 'ಏನು? ಏನು?' ಅಂತ ಎರಡು ಸಲ ಕೇಳುತ್ತಾನೆ. ಅದನ್ನು ಯಾವತ್ತೂ ಓದಿಗೆ ಜೋಡಿಸಿ ನೋಡಿರಲಿಲ್ಲ.

ಬೆತ್ತ ಬೇಡ
ಹಾಗಾದರೆ ನಾಳೆಯೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಎಣ್ಣೆ ಬಿಡುವುದನ್ನು ಇವತ್ತೇ ನಿಲ್ಲಿಸಿ. ಆಡಿಯೋಮೆಟ್ರಿ (ಎಷ್ಟು ಕೇಳಿಸುತ್ತೆ ಅನ್ನುವ ಪರೀಕ್ಷೆ) ಮಾಡಿ ಅಂತ ಬಾಯಿಬಿಟ್ಟು ಕೇಳಿ, ಸುಮ್ನೆ ಟಾರ್ಚು ಬಿಟ್ಟು ನೋಡಿ ಕಳಿಸಿದರೆ ಸಾಲದು.

ಚಿಂತಾಮಣಿ ಮಿಸ್
ಎಲ್ಲರೂ ಟೀಚರನ್ನೇ ಬೈಯುತ್ತೀರಿ, ನಮ್ಮ ಕಡೆಯದನ್ನೂ ಕೇಳಿ. ನಾನು ಪ್ರೈವೇಟ್ ಸ್ಕೂಲಿನಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಒಂದೇ ರೂಮಿನಲ್ಲಿ ತೆಲುಗು, ಕನ್ನಡ, ಉರ್ದು, ಇಟ್ಟಿಗೆ ಗೂಡಿಗೆ ಬಂದಿರುವ ಹಿಂದಿ ಮನೆಯ ಮಕ್ಕಳು. ಕ್ಲಾಸಿನಲ್ಲಿ ಮಾತೃಭಾಷೆ ಆಡಿದರೆ ಮ್ಯಾನೇಜ್‌ಮೆಂಟಿನವರು ನನ್ನನ್ನೇ ಬೈಯುತ್ತಾರೆ. ಸಿಲಬಸ್ ಮುಗಿಸಬೇಕು, ನೋಟ್ಸ್ ತಿದ್ದಬೇಕು, ವಾರಕ್ಕೊಂದು ಟೆಸ್ಟು. ಎಲ್‌ಡಿ ಬಗ್ಗೆ ಬಿಎಡ್‌ನಲ್ಲಿ ಓದಿದ್ದು ಪರೀಕ್ಷೆಗೆ ಐದು ಅಂಕದ ಪ್ರಶ್ನೆಗಷ್ಟೆ. ಒಂದು ಮಗು ಸುಮ್ಮನೆ ಕೂತಿದ್ದರೆ ಅದಕ್ಕೆ ಭಾಷೆ ಬರಲ್ವಾ, ಹೆದರಿಕೆನಾ, ಕೇಳಿಸಲ್ವಾ ಅಂತ ಕಂಡುಹಿಡಿಯುವ ವಿದ್ಯೆ ನಮಗೆ ಯಾರೂ ಕಲಿಸಿಲ್ಲ.

ಎಲ್ಲರ ಎದುರಿಗೆ ಹೇಳಿದ್ದು ತಪ್ಪು, ಅದನ್ನು ಸಮರ್ಥಿಸಲ್ಲ. ಆದರೆ ಹೇಳಿದ್ದೇ ತಪ್ಪಲ್ಲ. ಎಷ್ಟೋ ಕಡೆ ಏನೂ ಹೇಳದೆ ಮುಂದಿನ ಕ್ಲಾಸಿಗೆ ತಳ್ಳಿಬಿಡುತ್ತಾರೆ.

ಕೆಜಿಎಫ್ ಕ್ವಾರ್ಟರ್ಸ್
ಮಿಸ್ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ತಮಿಳು ಬೇರೆ ಸೇರಿಸಿಕೊಳ್ಳಿ.

ಊರು ಚಿಂತಾಮಣಿ, ಇರೋದು ಇಂಗ್ಲೆಂಡು
ನಾನು ಇಲ್ಲಿ ಪ್ರೈಮರಿ ಸ್ಕೂಲಿನಲ್ಲಿ ಟೀಚಿಂಗ್ ಅಸಿಸ್ಟೆಂಟ್. ಇಲ್ಲಿ ಇಂಗ್ಲಿಷ್ ಮನೆಭಾಷೆ ಅಲ್ಲದ ಮಕ್ಕಳಿಗೆ ಇಎಎಲ್ ಅಂತಾರೆ, ಪೋಲಿಷ್, ಉರ್ದು, ತಮಿಳು, ತೆಲುಗು ಎಲ್ಲ ಇದ್ದಾರೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಸರ್ಕಾರದ ಒಂದು ನಿಯಮಾವಳಿ ಇದೆ, 2015ರದ್ದು. ಇಂಗ್ಲಿಷ್ ಸಾಲದೆ ಬರುವ ಕಷ್ಟವನ್ನಷ್ಟೇ ಹಿಡಿದು ವಿಶೇಷ ಅಗತ್ಯ ಅಂತ ಲೆಕ್ಕ ಹಾಕಬೇಡಿ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಹಾಗಂತ ಇಎಎಲ್ ಮಗುವಿಗೆ ತೊಂದರೆ ಇರಲಾರದು ಅಂತಲೂ ಅಂದುಕೊಳ್ಳಬೇಡಿ, ಎರಡನ್ನೂ ಬೇರೆ ಬೇರೆ ನೋಡಿ ಅಂತ.

ಮೊದಲು ಬಂದಾಗ ತಿಂಗಳುಗಟ್ಟಲೆ ಬಾಯೇ ಬಿಡದ ಮಕ್ಕಳನ್ನು ನೋಡಿದ್ದೇನೆ. ಒಬ್ಬ ಹುಡುಗಿ ಆಟದ ಮೈದಾನದಲ್ಲಿ ಎಲ್ಲವನ್ನೂ ಸನ್ನೆಯಲ್ಲೇ ನಡೆಸುತ್ತಿದ್ದಳು, ಒಂದು ದಿನ ಊಟದ ಸಾಲಿನಲ್ಲಿ ಮುಂದೆ ನುಗ್ಗಿದವನಿಗೆ ಪೂರ್ತಿ ವಾಕ್ಯದಲ್ಲಿ ಜಗಳ ಶುರುಮಾಡಿದಳು, ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಈ ಮೌನದ ಅವಧಿಯನ್ನು ಇಲ್ಲಿ ಸಹಜ ಅಂತಲೇ ಎಣಿಸುತ್ತಾರೆ.

ಲೆಕ್ಕದ ಬುಕ್ಕು
ಅಮೆರಿಕಾದಲ್ಲಿ ಇದು ಕೋರ್ಟಿಗೇ ಹೋಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಾಡುವ ಒಂಬತ್ತು ಮಕ್ಕಳಿಗೆ ಇಂಗ್ಲಿಷಿನಲ್ಲಿ ಐಕ್ಯೂ ಟೆಸ್ಟ್ ಕೊಟ್ಟು ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಮತ್ತೆ ಸ್ಪ್ಯಾನಿಷ್ ಬಳಸಿ ಪರೀಕ್ಷೆ ಮಾಡಿದರೆ ಹೆಚ್ಚಿನವರು ಆ ಗುಂಪಿಗೆ ಸೇರುವವರೇ ಅಲ್ಲ. ಡಯಾನಾ ಪ್ರಕರಣ ಅಂತಾರೆ, 1970. ಅದು ರಾಜಿಯಲ್ಲಿ ಮುಗಿಯಿತು, ಮಗುವಿನ ಮನೆಭಾಷೆಯಲ್ಲೂ ಪರೀಕ್ಷೆ ಮಾಡಬೇಕು ಅಂತಾಯಿತು. ಈಗ ಅಲ್ಲಿನ ಕೇಂದ್ರ ಕಾನೂನಿನಲ್ಲೇ ಇದೆ, ಇಂಗ್ಲಿಷ್ ಬರದಿರುವುದೇ ಮುಖ್ಯ ಕಾರಣ ಆಗಿದ್ದರೆ ಮಗುವಿಗೆ ಅಂಗವೈಕಲ್ಯ ಇದೆ ಅಂತ ತೀರ್ಮಾನ ಮಾಡುವಂತಿಲ್ಲ.

ಬಾಗೇಪಲ್ಲಿ ಬಾಯ್
ಅಮೆರಿಕಾ ಇಂಗ್ಲೆಂಡು ಎಲ್ಲ ಸರಿ ಅಣ್ಣ, ಅಲ್ಲಿ ಮಗು ಹೊರಗೆ ಕಾಲಿಟ್ಟರೆ ಇಂಗ್ಲಿಷ್ ಕಿವಿಗೆ ಬೀಳುತ್ತೆ. ನಮ್ಮ ಬಾಗೇಪಲ್ಲಿಯಲ್ಲಿ ಇಂಗ್ಲಿಷ್ ಇರುವುದು ಸ್ಕೂಲ್ ಬಸ್ಸಿನ ಮೇಲೆ ಬರೆದ ಹೆಸರಿನಲ್ಲಿ ಮಾತ್ರ.

ಬೆತ್ತ ಬೇಡ
ಬಾಗೇಪಲ್ಲಿಯವರು ಹೇಳಿದ್ದೇ ಮುಖ್ಯ ಮಾತು. ಕೆನಡಾದ ಜಿಮ್ ಕಮಿನ್ಸ್ ಅಂತ ಸಂಶೋಧಕರು, ವಲಸೆ ಬಂದ ಮಕ್ಕಳನ್ನು ನೋಡಿ ಹೇಳಿದ್ದು ಇದು. ಆಟಕ್ಕೆ, ಅಂಗಡಿಗೆ ಬೇಕಾಗುವ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತೆ. ಪಾಠದ ಭಾಷೆ, ಅಂದರೆ ವಿವರಿಸು, ಹೋಲಿಸು, ಕಾರಣ ಕೊಡು ಅನ್ನುವ ಮಟ್ಟದ್ದು, ಬರಲು ಐದರಿಂದ ಏಳು ವರ್ಷ ಬೇಕು. ಅದು ಸುತ್ತಮುತ್ತ ಇಂಗ್ಲಿಷ್ ಇರುವ ಊರಿನ ಲೆಕ್ಕ. ನಮ್ಮ ಮಕ್ಕಳಿಗೆ ಸಿಗುವುದು ಕ್ಲಾಸಿನಲ್ಲಿ ಕೇಳಿದ್ದಷ್ಟೆ, ಅದೂ 'ಸಿಟ್ ಡೌನ್', 'ಓಪನ್ ಯುವರ್ ಬುಕ್' ಜಾಸ್ತಿ. ಅಂಥ ಮಗುವನ್ನು ಮೂರನೇ ಕ್ಲಾಸಿಗೇ ಇಂಗ್ಲಿಷ್ ಪ್ಯಾರಾ ಓದಿಸಿ ಎಲ್‌ಡಿ ಅನ್ನುವುದು ನ್ಯಾಯವಾ?

ಹಾಗಾಗಿ ನಾನು ಯಾವಾಗಲೂ ಮೂರು ವಿಷಯ ನೋಡುತ್ತೇನೆ. ಮನೆಭಾಷೆಯಲ್ಲೂ ಕಷ್ಟ ಇದೆಯಾ? ಅದೇ ಊರು, ಅದೇ ಮನೆಭಾಷೆ, ಅದೇ ಕ್ಲಾಸಿನ ಬೇರೆ ಮಕ್ಕಳು ಹೇಗಿದ್ದಾರೆ? ರೇಷ್ಮೆಗೂಡು ಅಕ್ಕ ತಮ್ಮನ ಜೊತೆ ಹೋಲಿಸಿದ್ದು ಸರಿಯಾದ ದಾರಿ, ಕೇಳಿಸಿಕೊಳ್ಳದವರದು ತಪ್ಪು. ಕೊನೆಯದು, ಹೊಸದೊಂದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ, ಪಕ್ಕದಲ್ಲಿ ಕೂತು ಕಲಿಸಿದರೆ ಹಿಡಿದುಕೊಳ್ಳುತ್ತಾನಾ? ಎರಡು ಮೂರು ವಾರ ಹೀಗೆ ಕಲಿಸಿ. ಸರಸರ ಮುಂದೆ ಹೋದರೆ ಅವನಿಗೆ ಬೇಕಿದ್ದಿದ್ದು ಪಾಠ. ಅಷ್ಟು ಕಲಿಸಿದರೂ ಇವತ್ತು ಬಂದಿದ್ದು ನಾಳೆ ಅಳಿಸಿ ಹೋದರೆ, 'ಕ'ದಿಂದ ಶುರುವಾಗುವ ನಾಲ್ಕು ಪದ ಹೇಳು ಅಂದರೆ ತೆಲುಗಿನಲ್ಲೂ ಕನ್ನಡದಲ್ಲೂ ತಡಕಾಡಿದರೆ, ವಾರದ ದಿನಗಳ ಸಾಲು ಯಾವ ಭಾಷೆಯಲ್ಲೂ ನಿಲ್ಲದಿದ್ದರೆ, ಆಗ ಕಾಯಬೇಡಿ.

ಇನ್ನೊಂದು, ಮನೆಯಲ್ಲಿ ತೆಲುಗು ಬಿಡಿ ಅಂದರಲ್ಲ, ಆ ಮಾತು ಕೇಳಲೇಬೇಡಿ. ಎರಡು ಮೂರು ಭಾಷೆಯಿಂದ ಯಾವ ಮಗುವಿಗೂ ಡಿಸ್ಲೆಕ್ಸಿಯಾ ಬರಲ್ಲ. ನಿಮಗೆ ಸರಿಯಾಗಿ ಬರದ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರೆ ಮಗುವಿಗೆ ಸಿಗುವುದು ಆ ನಾಲ್ಕೇ ಮಾತು. ತೆಲುಗಿನಲ್ಲಾದರೆ ಅಜ್ಜಿಯಿಂದ ಇಡೀ ಊರಿನ ಕಥೆ ಸಿಗುತ್ತೆ.

ಕನ್ನಡ ಕಟ್ಟಾಳು
ಕರ್ನಾಟಕದಲ್ಲಿ ಇದ್ದುಕೊಂಡು ಮನೆಯಲ್ಲಿ ತೆಲುಗು ಯಾಕೆ? ಕನ್ನಡ ಮಾತಾಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಬಾಗೇಪಲ್ಲಿ ಬಾಯ್
ಶುರುವಾಯ್ತಪ್ಪ. ನಮ್ಮಜ್ಜಿ ಕನ್ನಡ ಸಿನಿಮಾ ನೋಡಿ ತೆಲುಗಿನಲ್ಲಿ ಅಳುತ್ತಾರೆ. ಈ ಗಡಿ ತಾಲ್ಲೂಕುಗಳು ಇರೋದೇ ಹೀಗೆ.

ನಿರ್ವಾಹಕ
ಭಾಷೆ ಜಗಳ ಇಲ್ಲಿ ಬೇಡ. ಮಗುವಿನ ವಿಷಯಕ್ಕೆ ಬನ್ನಿ.

ಬಂಗಾರಪೇಟೆ ಪ್ಯಾಸೆಂಜರ್
ವಿಷಯಕ್ಕೇ ಬರುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಇದೆ, ಆದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕು ಅಂತ. ಆದರೆ ನಡೆಯುತ್ತಿರುವುದು ಬೇರೆ. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮ ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಅಂತ ನಮ್ಮ ರಾಜ್ಯದ ಕೇಸಿನಲ್ಲೇ ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುಮಾಡಿತು. ಈಗ ಸರ್ಕಾರಿ ಶಾಲೆಯಲ್ಲೂ ಇದೇ ಸಮಸ್ಯೆ ಬರುತ್ತೆ ನೋಡುತ್ತಿರಿ.

ಗೌರಿಬಿದನೂರು ಗಿರಾಕಿ
ಇಂಗ್ಲಿಷ್ ಬೇಡ ಅನ್ನುವವರ ಮಕ್ಕಳೆಲ್ಲ ಯಾವ ಮೀಡಿಯಂ ಅಂತ ಮೊದಲು ಹೇಳಿ 😀

ಬಂಗಾರಪೇಟೆ ಪ್ಯಾಸೆಂಜರ್
ನನ್ನ ಮಗಳು ಸರ್ಕಾರಿ ಕನ್ನಡ ಶಾಲೆ ಸ್ವಾಮಿ. ನಲಿ-ಕಲಿಯಲ್ಲಿ ಕಲಿತವಳು. ಮೂರನೇ ಕ್ಲಾಸಿನ ತನಕ ಕಾರ್ಡು, ಹಾಡು, ಅವರವರ ವೇಗ. ಹಿಂದುಳಿದರೂ ಯಾರೂ ಬೆರಳು ತೋರಿಸಲಿಲ್ಲ.

ಗೌರಿಬಿದನೂರು ಗಿರಾಕಿ
ಸರಿ ಸರಿ, ಬಾಯಿ ಮುಚ್ಚಿಕೊಂಡೆ.

ಬಿಆರ್‌ಸಿ ಬೆಂಚು
ಸರ್ಕಾರಿ ಶಾಲೆ ಶಿಕ್ಷಕ ನಾನು. ನಲಿ-ಕಲಿಯಲ್ಲಿ ಬೆರಳು ತೋರಿಸಲ್ಲ ನಿಜ, ಆದರೆ ಅದೇ ಕಾರಣಕ್ಕೆ ನಿಜವಾಗಿ ತೊಂದರೆ ಇರುವ ಮಗು ಗಮನಕ್ಕೆ ಬಾರದೆ ನಾಲ್ಕನೇ ಕ್ಲಾಸಿಗೆ ಬಂದು ನಿಲ್ಲುತ್ತೆ. ಎರಡನ್ನೂ ನೋಡಿದ್ದೇನೆ.

ಪ್ರತಿ ಬ್ಲಾಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆ ಅಂತ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡುವ ಶಿಕ್ಷಕರು, ಇರುತ್ತಾರೆ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಜನ, ಅವರ ಹೆಚ್ಚಿನ ಸಮಯ ಮನೆಯಿಂದ ಹೊರಬರಲಾಗದ ಮಕ್ಕಳಿಗೆ ಹೋಗುತ್ತೆ, ಹೋಗಬೇಕಾದ್ದೇ. ಆದರೂ ಹೋಗಿ ಕೇಳಿ, ಎಲ್ಲಿ ತೋರಿಸಬೇಕು, ತಾಲ್ಲೂಕಿನ ತಪಾಸಣಾ ಶಿಬಿರ ಯಾವಾಗ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ. ಶಾಲೆ, ಅಂಗನವಾಡಿಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ಡಾಕ್ಟರ್ ತಂಡವೂ ಇದೆ, 2013ರಲ್ಲಿ ಶುರುವಾಗಿದ್ದು, 18 ವರ್ಷದ ತನಕ ನೋಡುತ್ತಾರೆ. ಅವರ ಮೂಲಕ ಜಿಲ್ಲಾ ಮಟ್ಟದ ಡಿಇಐಸಿ (ಮಕ್ಕಳ ತೊಂದರೆ ಬೇಗ ಗುರುತಿಸಿ ನೆರವು ಕೊಡುವ) ಕೇಂದ್ರಕ್ಕೆ ಕಳಿಸುತ್ತಾರೆ. ಕಿವಿ ಪರೀಕ್ಷೆಗೆ ಅಲ್ಲಿಂದಲೇ ಶುರುಮಾಡಬಹುದು, ದುಡ್ಡು ಬೇಕಾಗಲ್ಲ.

ವಕೀಲಿ ಕೋಟು
ಟಿಸಿ ಮಾತಿಗೆ ಬರುತ್ತೇನೆ. ಅಮ್ಮ, ಹೆದರಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಫೇಲು ಮಾಡುವ ವಿಷಯದಲ್ಲಿ 2019ರಲ್ಲಿ ತಿದ್ದುಪಡಿ ಆಯಿತು, ಹೊರಹಾಕುವ ವಿಷಯದಲ್ಲಿ ಇಲ್ಲ. ನಿಜವಾಗಲೂ ಎಲ್‌ಡಿ ಇದೆ ಅಂತಾದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ನಿಮ್ಮ ಪರ. ಅದರಲ್ಲಿ 21 ಬಗೆಯ ಅಂಗವೈಕಲ್ಯ ಹೆಸರಿಸಿದ್ದಾರೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮಾನ್ಯತೆ ಪಡೆದ ಶಾಲೆ ತಾರತಮ್ಯ ಮಾಡುವಂತಿಲ್ಲ, ಬೇಗ ಗುರುತಿಸಿ ಸೂಕ್ತ ನೆರವು ಕೊಡಬೇಕು. ಅಂದರೆ ಸರ್ಟಿಫಿಕೇಟ್ ತಂದರೆ ಶಾಲೆಯ ಜವಾಬ್ದಾರಿ ಜಾಸ್ತಿ ಆಗುತ್ತೆ, ಮುಗಿಯಲ್ಲ. ಅದು ಅವರಿಗೆ ಗೊತ್ತಿಲ್ಲ ಅನಿಸುತ್ತೆ.

ಸದ್ಯಕ್ಕೆ ಜಗಳ ಬೇಡ. 'ನೀವು ಮೀಟಿಂಗಿನಲ್ಲಿ ಹೇಳಿದ್ದನ್ನು ಬರೆದುಕೊಡಿ' ಅಂತ ಒಂದು ಅರ್ಜಿ ಕೊಡಿ. ಬಾಯಿಮಾತಿನ ಅರ್ಧ ಧೈರ್ಯ ಕಾಗದದ ಮುಂದೆ ಇರಲ್ಲ.

ಚಿಂತಾಮಣಿ ಮಿಸ್
ವಕೀಲರೇ, ಕಾಗದ ಅಂದ ತಕ್ಷಣ ಮ್ಯಾನೇಜ್‌ಮೆಂಟ್ ಗಟ್ಟಿಯಾಗುತ್ತೆ, ಮಗು ಮೇಲೆ ಸಿಟ್ಟು ತೀರಿಸಿಕೊಳ್ಳುವವರೂ ಇದ್ದಾರೆ. ಮೊದಲು ಟೀಚರ್ ಒಬ್ಬರನ್ನೇ ಕಂಡು ಮಾತಾಡಿ ಅಕ್ಕ. 'ನೀವು ಗಮನಿಸಿದ್ದಕ್ಕೆ ಥ್ಯಾಂಕ್ಸ್, ಕಿವಿ ತೋರಿಸುತ್ತಿದ್ದೇವೆ, ಅಲ್ಲಿಯ ತನಕ ಮುಂದಿನ ಬೆಂಚಿನಲ್ಲಿ ಕೂರಿಸಿ' ಅನ್ನಿ. ಗಣಿತದ ಪ್ರಶ್ನೆ ಒಂದು ಸಲ ಬಾಯಲ್ಲಿ ಓದಿ ಹೇಳಿ ಅಂತ ಕೇಳಿ. ನಾನು ಮಾಡುತ್ತೇನೆ, ಬಾಗಿಲು ಮುಂದೆ ಮಾಡಿ ತೆಲುಗಿನಲ್ಲೇ ಹೇಳಿಬಿಡುತ್ತೇನೆ, ಅರ್ಧ ಕ್ಲಾಸು 'ಓ ಇಷ್ಟೇನಾ' ಅನ್ನುತ್ತೆ.

ವಕೀಲಿ ಕೋಟು
ಅದೂ ಸರಿ. ಕಾಗದ ಎರಡನೇ ಹೆಜ್ಜೆ ಇಟ್ಟುಕೊಳ್ಳಿ.

ಪಾವಗಡ ಪಿಯುಸಿ
ಸರ್ಟಿಫಿಕೇಟ್ ಎಲ್ಲಿ ಕೊಡುತ್ತಾರೆ? ನನ್ನ ತಮ್ಮನಿಗೂ ಬೇಕಿತ್ತು. ಎಸ್ಸೆಸ್ಸೆಲ್ಸಿಗೆ ಉಪಯೋಗ ಆಗುತ್ತಾ?

ಬೆತ್ತ ಬೇಡ
ಶಾಲೆಯಲ್ಲೇ ಮೂರನೇ ತರಗತಿಗೆ ಅಥವಾ ಎಂಟು ವರ್ಷಕ್ಕೆ, ಯಾವುದು ಮೊದಲೋ ಆಗ, ಪ್ರಾಥಮಿಕ ತಪಾಸಣೆ ಮಾಡಬೇಕು ಅಂತ ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಎಷ್ಟು ಶಾಲೆಗಳು ಮಾಡುತ್ತವೆ ಅಂತ ಮಾತ್ರ ಕೇಳಬೇಡಿ. ಆಮೇಲೆ ಮಕ್ಕಳ ಡಾಕ್ಟರ್, ಸೈಕಾಲಜಿಸ್ಟ್ ನೋಡುತ್ತಾರೆ. ಐಕ್ಯೂ ಬೇರೆ, ಓದು ಬರಹದ ಪರೀಕ್ಷೆ ಬೇರೆ. ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗಕ್ಕೆ. ಕಲಿಕಾ ನ್ಯೂನತೆಗೆ ಅವರದೇ ಪರೀಕ್ಷೆ ಇದೆ, 5ರಿಂದ 7 ವರ್ಷದವರಿಗೆ ಒಂದು, 8ರಿಂದ 12ಕ್ಕೆ ಇನ್ನೊಂದು. ಮಾತು, ಕೇಳುವಿಕೆಯ ಸಮಸ್ಯೆ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 'ಡಾಲಿ' ಅಂತ ಪರೀಕ್ಷೆ ಮಾಡಿದ್ದಾರೆ, ಅದು ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಎಲ್ಲೇ ಹೋದರೂ ಬಾಗಿಲಲ್ಲೇ ಹೇಳಿ, 'ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಕನ್ನಡದಲ್ಲೂ ನೋಡಿ' ಅಂತ. ಕೇಳದಿದ್ದರೆ ಇಂಗ್ಲಿಷಿನಲ್ಲೇ ಮುಗಿಸಿ ಕಳಿಸುವವರೂ ಇದ್ದಾರೆ.

ಡಿಸ್ಲೆಕ್ಸಿಯಾ ಇರುವ ಮಕ್ಕಳು ಕನ್ನಡದಲ್ಲಿ ತಪ್ಪಿಲ್ಲದೆ ಓದಿದರೂ ಬಹಳ ನಿಧಾನ ಇರಬಹುದು, ಯಾಕಂದರೆ ನಮ್ಮಲ್ಲಿ ಬರೆದ ಹಾಗೆ ಓದಬಹುದು. ಹಾಗಾಗಿ 'ಕನ್ನಡ ಓದುತ್ತಾನೆ, ಎಲ್‌ಡಿ ಇಲ್ಲ' ಅನ್ನುವುದೂ ಪೂರ್ತಿ ಸರಿಯಲ್ಲ. ಎಷ್ಟು ಹೊತ್ತು ಹಿಡಿಯಿತು ನೋಡಬೇಕು.

ಎಸ್ಸೆಸ್ಸೆಲ್ಸಿಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಮೊದಲೇ ಶಾಲೆಯ ಮೂಲಕ ಅರ್ಜಿ ಹೋಗಬೇಕು. ಸಿಬಿಎಸ್‌ಇಯಲ್ಲಿ ಮೂರು ಗಂಟೆ ಪೇಪರಿಗೆ ಒಂದು ಗಂಟೆ ಹೆಚ್ಚು ಕೊಡುತ್ತಾರೆ.

ಹೆಸರು ಬೇಡ
ನಮ್ಮ ಮನೆಯಲ್ಲಿ ಹುಡುಗಿಗೆ ಸರ್ಟಿಫಿಕೇಟ್ ಬೇಡ ಅಂದರು. ನಾಳೆ ಮದುವೆ ಮಾತುಕತೆಯಲ್ಲಿ ಯಾರಾದರೂ ಎತ್ತಿದರೆ ಅಂತ. ಹುಡುಗನಾಗಿದ್ದರೆ ಇಷ್ಟು ಹೊತ್ತಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿರುತ್ತಿದ್ದರು.

ರೇಷ್ಮೆಗೂಡು
ನಮ್ಮಲ್ಲೂ ಇದೇ ಮಾತು ಬಂದಿತ್ತು. ಅವಳು ಈಗ ಪಿಯು ಓದುತ್ತಿದ್ದಾಳೆ, ಸಹಾಯಕರನ್ನು ಇಟ್ಟುಕೊಂಡೇ ಹತ್ತನೇ ಕ್ಲಾಸು ಪಾಸು ಮಾಡಿದಳು. ನನಗೆ ಮೆಸೇಜ್ ಮಾಡಿ ತಂಗಿ, ಮಾತಾಡೋಣ.

ಜೀನಿಯಸ್ ಬ್ರೈನ್ ಕ್ಲಾಸ್
21 ದಿನದಲ್ಲಿ ಡಿಸ್ಲೆಕ್ಸಿಯಾ ಗುಣ! ಬಣ್ಣದ ಕನ್ನಡಕ + ಮಿದುಳಿನ ವ್ಯಾಯಾಮ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಶಾಖೆ. ಕರೆ ಮಾಡಿ

ಬೆತ್ತ ಬೇಡ
ಗುಣ ಆಗಲು ಅದು ಜ್ವರ ಅಲ್ಲ. ಬಣ್ಣದ ಕನ್ನಡಕದಿಂದ ಓದು ಬರಲ್ಲ. ನಿರ್ವಾಹಕರೇ ದಯವಿಟ್ಟು ತೆಗೆಯಿರಿ.

ನಿರ್ವಾಹಕ
ನಂಬರ್ ತೆಗೆದಿದ್ದೇನೆ, ಖಾತೆ ನಿರ್ಬಂಧಿಸಿದ್ದೇನೆ. ಯಾರೂ ಮಗುವಿನ ಹೆಸರು, ಶಾಲೆಯ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ.

ತೋಟದ ತಾತ
ಶಾಲೆ ಬದಲಾಯಿಸುವುದು ಒಳ್ಳೆಯದಾ, ಇಲ್ಲೇ ಇರುವುದು ಒಳ್ಳೆಯದಾ? ಅದನ್ನು ಯಾರೂ ಹೇಳಲಿಲ್ಲ.

ಬೆತ್ತ ಬೇಡ
ತಾತ, ಒಳ್ಳೆಯ ಪ್ರಶ್ನೆ. ನನ್ನ ಮಟ್ಟಿಗೆ, ವರ್ಷದ ಮಧ್ಯೆ ಬೇಡ. ಎಲ್‌ಡಿ ಇದ್ದರೆ ಮಾಧ್ಯಮ ಬದಲಾಯಿಸಿದ ಮಾತ್ರಕ್ಕೆ ಹೋಗಲ್ಲ, ಕನ್ನಡದಲ್ಲೂ ಜೊತೆಗೆ ಬರುತ್ತೆ. ಭಾಷೆಯದೇ ಆದರೆ ಕನ್ನಡ ಅಥವಾ ದ್ವಿಭಾಷಾ ತರಗತಿ ಹಗುರ ಆಗುತ್ತೆ. ಯಾವುದು ಅಂತ ಗೊತ್ತಾಗುವ ಮೊದಲೇ ಟಿಸಿ ತೆಗೆದುಕೊಂಡರೆ ಮಗುವಿಗೆ 'ನನ್ನನ್ನು ಓಡಿಸಿದರು' ಅಂತಷ್ಟೇ ಅನಿಸುತ್ತೆ.

ಬಂಗಾರಪೇಟೆ ಪ್ಯಾಸೆಂಜರ್
ನಾನು ಒಪ್ಪಲ್ಲ. ಎಲ್ಲರ ಎದುರಿಗೆ ಹೀಗೆ ಮಾತಾಡುವ ಶಾಲೆಯಲ್ಲಿ ಒಂದು ದಿನವೂ ಬಿಡಬಾರದು.

ರೇಷ್ಮೆಗೂಡು
ಹೇಳುವುದು ಸುಲಭ. ನಮ್ಮೂರಿನ ಹತ್ತಿರ ಇರುವುದೇ ಎರಡು ಶಾಲೆ.

ಶ್ರೀನಿವಾಸಪುರದ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ನಿಧಾನಕ್ಕೆ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಕಿವಿ ತೋರಿಸಿದೆವು. ಎಡಗಿವಿಯಲ್ಲಿ ತಮಟೆಯ ಹಿಂದೆ ನೀರು ನಿಂತಿದೆ, ಕೇಳುವುದು ಸ್ವಲ್ಪ ಕಡಿಮೆ ಇದೆ ಅಂದರು, ಔಷಧಿ ಕೊಟ್ಟಿದ್ದಾರೆ, ಮತ್ತೆ ಬರಲು ಹೇಳಿದ್ದಾರೆ. ಅತ್ತೆಗೆ ಬೆಳ್ಳುಳ್ಳಿ ಎಣ್ಣೆ ವಿಷಯ ಹೇಳಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ತೆಲುಗು ಕಥೆ ಹೇಳಿಸಿದೆ. ನರಿ, ಮೊಸಳೆ, ಹೊಳೆ ಎಲ್ಲ ಸರಿಯಾಗಿ ಬಂತು, ಅಜ್ಜಿ ಹೇಳದ ಎರಡು ಡೈಲಾಗು ಬೇರೆ ಸೇರಿಸಿದ. ಆದರೆ 'ಕ' ಇಂದ ಶುರುವಾಗುವ ಪದ ಕೇಳಿದರೆ ಎರಡು ಹೇಳಿ ನಿಲ್ಲಿಸಿಬಿಟ್ಟ. ವಾರದ ದಿನ ಬುಧವಾರದಿಂದ ಮುಂದೆ ಕಲಸಿಹೋಗುತ್ತೆ, ತೆಲುಗಿನಲ್ಲೂ. ಹಾಗಾಗಿ ಎರಡೂ ಇರಬಹುದಾ?

ಬೆತ್ತ ಬೇಡ
ಎರಡೂ ಇರಬಹುದು. ಕಿವಿ ಸೇರಿ ಮೂರೂ ಇರಬಹುದು. ಕಥೆ ಚೆನ್ನಾಗಿ ಹೇಳಿದ್ದು ಒಳ್ಳೆಯ ಸುದ್ದಿ, ಮಾತಿನ ಬುಡ ಗಟ್ಟಿ ಇದೆ. ಕಿವಿ ಗುಣವಾಗುವ ತನಕ ಓದಿನ ಪರೀಕ್ಷೆ ಬೇಡ, ಫಲಿತಾಂಶ ತಪ್ಪು ಬರುತ್ತೆ. ಆದರೆ ನಿಮ್ಹಾನ್ಸ್‌ಗೆ ಹೋಗುವ ಯೋಚನೆ ಬಿಡಬೇಡಿ. ಅಷ್ಟರಲ್ಲಿ ದಿನಾ ಸ್ವಲ್ಪ ಹೊತ್ತು ಕನ್ನಡ ಅಕ್ಷರದ ಧ್ವನಿ ಆಟ ಆಡಿ. 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯುತ್ತೆ, ಆ ಥರ. ಬರೆಸಬೇಡಿ, ಬಾಯಲ್ಲೇ. ಹೋಗುವಾಗ ಹಳೇ ನೋಟ್‌ಬುಕ್ಕು, ಮಾರ್ಕ್ಸ್ ಕಾರ್ಡು, ಕಿವಿಯ ರಿಪೋರ್ಟು ಎಲ್ಲ ಇಟ್ಟುಕೊಳ್ಳಿ.

ಶ್ರೀನಿವಾಸಪುರದ ಅಮ್ಮ
ಸರಿ ಮೇಡಂ. ಟೀಚರ್ ಹತ್ತಿರ ಒಬ್ಬಳೇ ಹೋಗಿ ಮಾತಾಡಿದೆ. ಮೊದಲು ಮುಖ ಗಂಟು ಹಾಕಿಕೊಂಡಿದ್ದರು, ಕಿವಿ ರಿಪೋರ್ಟ್ ತೋರಿಸಿದ ಮೇಲೆ ಮುಂದಿನ ಬೆಂಚಿಗೆ ಹಾಕಿದ್ದಾರೆ. ಟಿಸಿ ಮಾತು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪಾವಗಡ ಪಿಯುಸಿ
ಅಕ್ಕ, ಬೆಂಗಳೂರಿಗೆ ಹೋಗುವ ದಿನ ಇಲ್ಲಿ ಹಾಕಿ, ತಮ್ಮನನ್ನು ಕರೆದುಕೊಂಡು ನಾನೂ ಅದೇ ದಿನ ಬರುತ್ತೇನೆ.

ಬಾಗೇಪಲ್ಲಿ ಬಾಯ್
ಬೆಳಿಗ್ಗೆ ಬೇಗ ಹೊರಡಿ, ಕೆಆರ್ ಪುರಂ ಹತ್ತಿರ ಟ್ರಾಫಿಕ್ ಸಿಕ್ಕಿಹಾಕಿಕೊಂಡರೆ ಚೀಟಿ ಸಿಗೋದು ಕಷ್ಟ.